ಸೊನೆಯ ವಾಸನೆಯ ಬಿಯರು

ಐವತ್ತು ದಾಟಿದ ಮೇಲೆ ವೈನ್ ಶಾಪಿನ ಕಟಕಟೆಯ ಮುಂದೆ ನಿಂತು "ಇದು ಯಾವಾಗಿನ ಮಾಲು?" ಎಂದು ಜಗಳ ಆಡುವ ದಿನ ನನಗೆ ಬರುತ್ತದೆ ಅಂತ ಯಾರಾದರೂ ಹೇಳಿದ್ದರೆ, ತಲೆ ನೆಟ್ಟಗಿದೆಯಾ ನಿಮಗೆ ಎಂದು ಕೇಳುತ್ತಿದ್ದೆ. ಆದರೆ ಆ ದಿನ ಬಂತು. ಒಂದಲ್ಲ, ಹಲವು ಸಲ ಆ ಕಟಕಟೆಯ ಮುಂದೆ ನಿಂತೆ.

ನನ್ನ ಮನೆ ಶಿರಸಿಯಲ್ಲಿ, ಕೆಲಸ ಯಲ್ಲಾಪುರದ ಒಂದು ಕಾಲೇಜಿನ ಗ್ರಂಥಾಲಯದಲ್ಲಿ. ದಿನಾ ಬಸ್ಸು. ಹೆಂಗಸರಿಗೆ ಬಸ್ಸು ಫ್ರೀ ಆದಮೇಲೆ ಕೂರುವ ಮಾತು ಬಿಡಿ, ನೆಟ್ಟಗೆ ನಿಲ್ಲುವುದೂ ಪುಣ್ಯ. ಆ ವರ್ಷ ಭಾನುವಾರವೂ ನನಗೆ ಬಿಡುವಿರಲಿಲ್ಲ. ಬೆಳಿಗ್ಗೆ ಎದ್ದು ಸಿದ್ದಾಪುರದ ಬಸ್ಸು ಹತ್ತುತ್ತಿದ್ದೆ. ಅಲ್ಲಿ ಅಣ್ಣ ಮಲಗಿದ್ದ.

ಅಣ್ಣ ಮದುವೆಯಾದವನಲ್ಲ. ಸಿದ್ದಾಪುರ ಪೇಟೆಯಲ್ಲಿ ಪಂಪುಸೆಟ್ಟಿನ ಮೋಟಾರು ರಿಪೇರಿ ಅಂಗಡಿ ಇಟ್ಟುಕೊಂಡು, ಅದರ ಹಿಂದಿನ ಎರಡು ಕೋಣೆಯಲ್ಲಿ ಆಯಿಯ, ಅಂದರೆ ನಮ್ಮ ಅಮ್ಮನ ಜೊತೆ ಇದ್ದ. ಎಲೆ, ಅಡಿಕೆ, ತಂಬಾಕಿನ ಕವಳ ಹಾಕದೆ ಒಂದು ಗಳಿಗೆ ಇದ್ದವನಲ್ಲ. ಕೊನೆಗೆ ಆ ಕವಳವೇ ಅವನ ಬಾಯನ್ನು ತಿಂದಿತು. ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸಿದೆವು, ಕ್ಯಾನ್ಸರಿಗೆ ಕೊಡುವ ಕರೆಂಟು ಕೊಡಿಸಿದೆವು. ಎಲ್ಲ ಆದಮೇಲೆ ಡಾಕ್ಟರು ನನ್ನನ್ನು ಹೊರಗೆ ಕರೆದು, "ಇನ್ನು ಪಥ್ಯ ಏನೂ ಬೇಡ, ಅವರಿಗೆ ಏನು ಆಸೆಯೋ ಅದು ಕೊಡಿ" ಎಂದರು. ಆ ಮಾತಿನ ಅರ್ಥ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ನಾನು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ.

ಆಸೆಯೇನೋ ಕೊಡಬಹುದು, ಬಾಯಿ ಬೇಕಲ್ಲ! ಉಪ್ಪು ತಾಗಿದರೆ ಉರಿ, ಖಾರದ ಹೆಸರು ಎತ್ತುವ ಹಾಗಿಲ್ಲ, ಸಿಹಿ ಮಣ್ಣಿನ ಹಾಗೆ. ಗಂಜಿ ಬಿಟ್ಟರೆ ಗಂಜಿ. ಒಂದು ಭಾನುವಾರ ಆಯಿ ನೀರಿಗೆ ಹೋದ ಹೊತ್ತು ನೋಡಿ ಅವನು ನನ್ನನ್ನು ಹತ್ತಿರ ಕರೆದ.

"ಕೂಸೆ, ಒಂದು ಹೇಳ್ತೆ. ಬೈಯಲಾಗ."

"ಹೇಳು."

"ಮಿಡಿ ತೊಟ್ಟು ಮುರಿದಾಗ ಸೊನೆ ವಾಸನೆ ಬತ್ತಲ, ಅದು ಬೇಕು ಅನಿಸ್ತು."

ನನಗೆ ಅಳು ಬಂತು. ಉಪ್ಪಿನಕಾಯಿಗೆ ಹಾಕುವ ಎಳೆ ಮಾವು, ಆ ಅಪ್ಪೆಮಿಡಿಯ ಹುಚ್ಚು ನಮ್ಮ ಕಡೆಯವರಿಗೆಲ್ಲ ಇದೆ, ಇವನಿಗೆ ಮಾತ್ರ ಮಿತಿ ಮೀರಿ ಇತ್ತು. ಬೇಸಿಗೆಯಲ್ಲಿ ಹೊಳೆದಂಡೆಯ ಮರಗಳ ಮಿಡಿ ಪೇಟೆಗೆ ಬಂದ ದಿನ ಅಂಗಡಿ ಬಾಗಿಲು ಹಾಕಿ ಓಡುತ್ತಿದ್ದ. ಒಂದೊಂದೇ ಮಿಡಿಯ ತೊಟ್ಟು ಚಿವುಟಿ, ಚಿಮ್ಮಿದ ಸೊನೆಯನ್ನು ಮೂಗಿಗೆ ಹಿಡಿದು ನೋಡಿಯೇ ಕೊಳ್ಳುವವನು. ಈಗ ದೀಪಾವಳಿ ಹತ್ತಿರ ಬಂದಿತ್ತು, ಮಿಡಿ ಎಲ್ಲಿಂದ ತರಲಿ? ಆಯಿಯ ಭರಣಿಯಲ್ಲಿ ಉಪ್ಪಿನಕಾಯಿ ಇತ್ತು, ಅದನ್ನು ಅವನ ಬಾಯಿಗೆ ಇಟ್ಟರೆ ಪ್ರಾಣ ಹೋಗುತ್ತದೆ.

ಅದಕ್ಕೂ ಅವನ ಹತ್ತಿರ ಉಪಾಯ ಇತ್ತು. ಹುಬ್ಬಳ್ಳಿಯಲ್ಲಿ ಒಮ್ಮೆ ಮೋಟಾರಿನ ತಂತಿ ತರಲು ಹೋದಾಗ ಗೆಳೆಯನೊಬ್ಬ ಒಂದು ಬಿಯರು ಕುಡಿಸಿದ್ದನಂತೆ. ಎಲ್ಲ ಕಡೆ ಸಿಗುವ ನೀರು ಬಿಯರಲ್ಲ, ಸಣ್ಣ ಕಂಪನಿಯವರು ಮಾಡುವಂಥದು. ಹಾಪ್ಸ್ ಎಂಬ ಹೂವು ಜಾಸ್ತಿ ಹಾಕಿ ಕಹಿ ಮಾಡುತ್ತಾರಂತೆ. "ಮೂಗಿನ ಹತ್ರ ತಂದ್ರೆ ಥೇಟ್ ಸೊನೆ ಕೂಸೆ! ಅಪ್ಪೆ ಸೊನೆ. ಉಪ್ಪಿಲ್ಲೆ, ಖಾರ ಇಲ್ಲೆ. ಅದೊಂದು ಸಲ ತಂದು ಕೊಡು."

"ಆನು ಬಿಯರು ತತ್ತೆ" ಎಂದು ನನ್ನ ಬಾಯಿಂದಲೇ ಬಂತು. ನಮ್ಮದು ಎಂಥ ಮನೆ ಅಂದರೆ, ಆಯಿಯ ಫ್ರಿಜ್ಜಿನಲ್ಲಿ ದೇವರ ಹಾಲಿನ ಪಕ್ಕ ನಿನ್ನೆಯ ಸಾರನ್ನೂ ಇಡುವ ಹಾಗಿಲ್ಲ. ನನ್ನ ಗಂಡ ಪೌರೋಹಿತ್ಯದವರು. ಹೀಗೆ ಎರಡೂ ಮನೆಯಲ್ಲಿ ಬಿಯರಿಗೆ ಜಾಗ ಇಲ್ಲ.

ಯಲ್ಲಾಪುರದಲ್ಲಿ ಹೆದ್ದಾರಿ ಇದೆ, ಗೋವಾ ಕಡೆ ಹೋಗುವ ಕಾರುಗಳು ನಿಲ್ಲುತ್ತವೆ, ಹಾಗಾಗಿ ಅಲ್ಲಿಯ ವೈನ್ ಶಾಪಿಗೆ ಅಂಥ ಬಿಯರು ಬರುತ್ತದೆ. ಕಾಲೇಜು ಬಿಟ್ಟ ಮೇಲೆ ಸೆರಗು ತಲೆಗೆಳೆದುಕೊಂಡು ಹೋದೆ. ಅಂಗಡಿಯವನು ಹಾವೇರಿ ಕಡೆಯವನು.

"ಬರ್ರಿ ಅಕ್ಕಾರ. ಏನ್ ಬೇಕಾಗಿತ್ರಿ?" ಎಂದ, ಕಿರಾಣಿ ಅಂಗಡಿಯ ಹಾಗೆ. ನಾನು ಬೆರಳು ತೋರಿಸಿದೆ. ಆ ಬಾಟಲಿಗಳು ಮುಂದಿನ ಗಾಜಿನ ಶೋಕೇಸಿನಲ್ಲಿ ಸಾಲಾಗಿ ನಿಂತಿದ್ದವು. ಪಶ್ಚಿಮದ ಬಿಸಿಲು ಅವುಗಳ ಮೇಲೆ ನೇರ ಬೀಳುತ್ತಿತ್ತು. ಅಗ್ಗದ ಬಿಯರೆಲ್ಲ ಒಳಗೆ ಫ್ರಿಜ್ಜಿನಲ್ಲಿ ತಣ್ಣಗೆ ಕೂತಿತ್ತು. "ಇದು ತುಟ್ಟಿ ಮಾಲ್ರೀ, ಅದಕ್ಕ ಶೋಕೇಸಿನ್ಯಾಗ ಇಟ್ಟೀನಿ. ಮಂದಿ ಕಣ್ಣಿಗೆ ಬೀಳ್ಬೇಕಲ್ರೀ," ಎಂದು ಪೇಪರಿನಲ್ಲಿ ಸುತ್ತಿ ಕೊಟ್ಟ.

ಆ ಭಾನುವಾರ ಆಯಿ ಮಲಗಿದಾಗ ಅಣ್ಣನ ಕೋಣೆಯಲ್ಲಿ ಬಾಟಲಿ ತೆರೆದೆ. ದೇವರೇ! ತಿಗಣೆ ಹೊಸಕಿದರೆ ಬರುವ ನಾತ. ಅಣ್ಣ ಮೂಗಿಗೆ ಹಿಡಿದು, ನಾಲಿಗೆಗೆ ಒಂದು ಹನಿ ಮುಟ್ಟಿಸಿ, ತಲೆ ಆಡಿಸಿದ. "ಇದು ಹಳತು ಕೂಸೆ."

ಸೋಮವಾರ ಹೋಗಿ ಅಂಗಡಿಯವನ ಮೇಲೆ ಹರಿಹಾಯ್ದೆ. ಅವನು ನಕ್ಕ. "ಎಣ್ಣಿ ಹಳೇದಾದಷ್ಟು ಚಲೋ ಅಲ್ಲೇನ್ರೀ ಅಕ್ಕಾರ?" ನಾನು ಬೈದೆನಾದರೂ ನನಗೂ ಆ ಹೊತ್ತಿನವರೆಗೆ ಹಾಗೇ ಅನಿಸಿತ್ತು. ನಮ್ಮಲ್ಲಿ ಯಾವುದು ಹಳತಾಗಿ ಕೆಟ್ಟಿದೆ ಹೇಳಿ? ಹಳೇ ಚಾಲಿ ಅಡಿಕೆಗೆ ಹೊಸ ಚಾಲಿಗಿಂತ ರೇಟು ಹೆಚ್ಚು. ಹಳೇ ಅಕ್ಕಿ ಅನ್ನಕ್ಕೆ ಒಳ್ಳೆಯದು. ಹಳೇ ಹುಣಸೆ ಔಷಧಿಗೆ. ಉಪ್ಪಿನಕಾಯಿಯಂತೂ ಅಜ್ಜಿಯ ಕಾಲದ ಭರಣಿ ತೆಗೆದರೆ ನೆಂಟರಿಗೆಲ್ಲ ಬಾಯಲ್ಲಿ ನೀರು. ಇಟ್ಟು ಇಟ್ಟು ರುಚಿ ಮಾಡಿಕೊಂಡೇ ಬದುಕಿದ ಜನ ನಾವು. ಹೊಸತಾಗಿಯೇ ಮುಗಿಸಬೇಕಾದ ವಸ್ತು ಅಂದರೆ ನಮಗೆ ಹಾಲು, ಹೂವು, ಅಷ್ಟೇ.

ಈ ಬಿಯರು ಆ ಹೂವಿನ ಜಾತಿಯದು ಅಂತ ಆಮೇಲೆ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಓದಿ ತಿಳಿದೆ. ಬಿಸಿಲು, ಟ್ಯೂಬ್‌ಲೈಟು ತಾಗಿದರೂ ಸಾಕು, ಬಾಟಲಿಯೊಳಗೇ ನಾತ ಹುಟ್ಟುತ್ತದೆ. ತಗಡಿನ ಡಬ್ಬಿಯದಾದರೆ ಬೆಳಕಿನ ಭಯ ಇಲ್ಲ, ಸೆಕೆಯ ಭಯ ಇದ್ದೇ ಇದೆ. ಕಹಿ ಬಹಳ ಕಾಲ ಉಳಿಯುತ್ತದೆ, ಪರಿಮಳ ಮೊದಲು ಹೋಗುತ್ತದೆ. ನಮಗೆ ಬೇಕಾದದ್ದು ಆ ಮೊದಲು ಹೋಗುವಂಥದ್ದೇ! ಗ್ರಹಚಾರ.

ಎರಡನೆಯ ಸಲ ಡಬ್ಬಿ ತಂದೆ. ಬೆಳಕಿಗೆ ಬೀಳದೆ ರಟ್ಟಿನ ಪೆಟ್ಟಿಗೆಯೊಳಗೇ ಇದ್ದದ್ದು. ಆದರೆ ಭಾನುವಾರದವರೆಗೆ ಎಲ್ಲಿಡಲಿ? ನನ್ನ ಫ್ರಿಜ್ಜಿನಲ್ಲಿ ಇಟ್ಟರೆ ನಮ್ಮ ಮನೆಯವರು ಮಾತು ಬಿಡುತ್ತಾರೆ. ಅಡುಗೆಮನೆಯ ನಾಗಂದಿಗೆಯ ಮೇಲೆ, ಹಬ್ಬಕ್ಕೆ ಮಾತ್ರ ಇಳಿಸುವ ತಾಮ್ರದ ಹಂಡೆಯೊಳಗೆ ಬಚ್ಚಿಟ್ಟೆ. ಕೆಳಗೇ ಗ್ಯಾಸಿನ ಒಲೆ. ಮೂರು ಹೊತ್ತೂ ಬೇಯಿಸುವವಳು ನಾನೇ, ಆ ಹಬೆ ಮೇಲೇ ಹೋಗುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ. ಭಾನುವಾರ ಸಿದ್ದಾಪುರದಲ್ಲಿ ತೆರೆದರೆ ಒದ್ದೆ ರಟ್ಟಿನ ವಾಸನೆ, ಮೇಲೆ ಸೀದ ಬೆಲ್ಲದ ಹಾಗೆ ಏನೋ. ಅಣ್ಣ ಈ ಸಲವೂ ಮೂಗಿನಿಂದ ದೂರ ಸರಿಸಿದ. "ಇದೂ ಹಳತು." ಬೇಜಾರು ಮಾಡಿಕೊಳ್ಳಲಿಲ್ಲ ಅವನು. ಅದೇ ನನಗೆ ತಡೆಯಲಾಗಲಿಲ್ಲ.

ಹಿಂದಿರುಗಿ ನೋಡಿದರೆ ಬಾಗಿಲಲ್ಲಿ ಆಯಿ.

ಎಂಬತ್ತು ದಾಟಿದ ಜೀವ, ಮಡಿ ಸೀರೆ, ಕೈಯಲ್ಲಿ ಗಂಜಿಯ ಬಟ್ಟಲು. ನನ್ನ ಕೈಯಲ್ಲಿ ಬಿಯರಿನ ಡಬ್ಬಿ. ಭೂಮಿ ಬಾಯಿ ಬಿಡಬಾರದೇ ಅನಿಸಿತು. ಆಯಿ ಬಟ್ಟಲು ಕೆಳಗಿಟ್ಟು ಡಬ್ಬಿ ತೆಗೆದುಕೊಂಡು ತಿರುಗಿಸಿ ನೋಡಿದಳು.

"ಡಾಕ್ಟರು ಎಂತ ಬೇಕಾದ್ರೂ ಕೊಡಿ ಹೇಳಿದ್ದ ಅಲ್ದ?"

"ಹೌದು ಆಯಿ."

"ಹಂಗಿದ್ರೆ ಕದ್ದು ಎಂತಕ್ಕೆ ಕೊಡ್ತೆ? ಕದ್ದು ಇಟ್ಟಿದ್ದು ಯಾವುದು ನೆಟ್ಟಗಿರ್ತು?"

ಅಷ್ಟೇ ಅಂದದ್ದು. ಆಮೇಲೆ ಅಡುಗೆಮನೆಗೆ ಹೋದಳು, ನಾನೂ ಹಿಂದೆಯೇ ಹೋದೆ. ಫ್ರಿಜ್ಜಿನ ಮೇಲಿನ ಅಂಕಣದಿಂದ ದೇವರ ಹಾಲಿನ ತಪ್ಪಲೆ ತೆಗೆದು ಕೆಳಗಿಟ್ಟಳು. ಒದ್ದೆ ಬಟ್ಟೆಯಿಂದ ಆ ಅಂಕಣವನ್ನು ಒರೆಸಿದಳು. "ಇಲ್ಲಿ ಇಡು. ಹೊಸತು ತಾ."

ನನ್ನ ಜನ್ಮದಲ್ಲಿ ಆಯಿ ಅಷ್ಟು ದೊಡ್ಡವಳಾಗಿ ಕಂಡದ್ದು ಅವತ್ತೇ.

ಇನ್ನು ಬಚ್ಚಿಡುವ ಕೆಲಸ ಇರಲಿಲ್ಲ, ಹೊತ್ತಿನ ಜೊತೆ ಓಟ ಮಾತ್ರ ಉಳಿದಿತ್ತು. ಅಣ್ಣ ದಿನದಿಂದ ದಿನಕ್ಕೆ ಇಳಿಯುತ್ತಿದ್ದ. ಗಂಜಿಯೂ ಅರ್ಧಕ್ಕೆ ಬಂದಿತ್ತು. ನಾನು ವೈನ್ ಶಾಪಿಗೆ ದಿನಾ ಹೋಗಿ ಕೇಳತೊಡಗಿದೆ, "ಹೊಸ ಮಾಲು ಬಂತಾ?" ಕಾಲೇಜಿನ ಜವಾನ ನೋಡಿದ, ನೋಡಲಿ. ಬಸ್‌ಸ್ಟ್ಯಾಂಡಿನಲ್ಲಿ ಹೂ ಮಾರುವವಳು ಮೂಗಿನ ಮೇಲೆ ಬೆರಳಿಟ್ಟಳು, ಇಡಲಿ. ನಾಚಿಕೆ ಪಡುವುದಕ್ಕೂ ಮೈಯಲ್ಲಿ ಕಸುವು ಬೇಕು, ನನ್ನಲ್ಲಿ ಇರಲಿಲ್ಲ. ಒಂದು ದಿನ ಅಂಗಡಿಯವನಿಗೆ ಅಣ್ಣನ ವಿಷಯ ಹೇಳಿಬಿಟ್ಟೆ. ಅವನ ನಗು ನಿಂತಿತು. "ಮೊದಲಽ ಹೇಳಬಾರದೇನ್ರೀ ಅಕ್ಕಾರ," ಎಂದ. ಅದರ ಮಾರನೆಯ ವಾರ ಅವನೇ ಫೋನು ಮಾಡಿದ. "ಈಗಷ್ಟ ಡಿಪೋದಿಂದ ಬಂತ್ರೀ. ತಾರೀಕು ನೋಡೇನಿ, ಇದಽ ತಿಂಗಳದ್ದು. ಬಂದದ್ದು ಬಂದ್ಹಂಗ ಫ್ರಿಜ್ಜಿನ್ಯಾಗ ಇಟ್ಟೀನಿ, ಲಗೂನ ಬರ್ರಿ."

ರಜೆ ಚೀಟಿ ಬರೆದು ಹೊರಟೆ. ಅವನು ಮೀನು ಮಾರುಕಟ್ಟೆಯಿಂದ ಥರ್ಮಕೋಲಿನ ಡಬ್ಬವೊಂದನ್ನು ತರಿಸಿ, ತುಂಬ ಐಸು ಹಾಕಿ, ನಡುವೆ ಎರಡು ಡಬ್ಬಿ ಬಿಯರು ಹೂತು, ಹಗ್ಗ ಬಿಗಿದು ಇಟ್ಟಿದ್ದ. ಬಂಗಡೆಯ ನಾತ ಹೊಡೆಯುವ ಆ ಡಬ್ಬವನ್ನು ಎದೆಗೆ ಅವಚಿಕೊಂಡು ಭಟ್ಟರ ಹೆಂಡತಿ ಬಸ್ಸು ಹತ್ತಿದಳು! ಪಕ್ಕದವಳು ಮೂಗು ಮುಚ್ಚಿ ಎದ್ದು ಹೋದಳು. ಪುಣ್ಯ ಬಂತು, ಕೂರಲು ಜಾಗ ಸಿಕ್ಕಿತು. ಶಿರಸಿಯಲ್ಲಿ ಇಳಿದು, ಮನೆ ಕಡೆ ತಿರುಗಿಯೂ ನೋಡದೆ ಸಿದ್ದಾಪುರದ ಬಸ್ಸು ಹಿಡಿದೆ. ಕಾನಸೂರು ದಾಟುವಾಗ ಐಸು ಕರಗಿ ಮಡಿಲೆಲ್ಲ ಒದ್ದೆ. ಬೆರಳು ತೂರಿಸಿ ಮುಟ್ಟಿ ನೋಡಿದೆ, ಡಬ್ಬಿ ಇನ್ನೂ ಕೊರೆಯುತ್ತಿತ್ತು. ಸಾಕಾಗಿತ್ತು ನನಗೆ. ಬಸ್ಸು ಸಾಕಾಗಿತ್ತು, ಓಡಾಟ ಸಾಕಾಗಿತ್ತು. ಇದೊಂದು ಸಲ ಅವನ ಮೂಗಿಗೆ ಮುಟ್ಟಲಿ, ಆಮೇಲೆ ನಾನು ಏನೂ ಕೇಳುವುದಿಲ್ಲ ಎಂದು ಯಾವ ದೇವರಿಗೆ ಹೇಳಿಕೊಂಡೆನೋ.

ಮನೆ ಮುಟ್ಟಿದಾಗ ಇನ್ನೂ ಸಂಜೆಯ ಬಿಸಿಲಿತ್ತು. ನೇರ ಅಡುಗೆಮನೆಗೆ ಹೋಗಿ, ಆಯಿಯ ಎದುರಿಗೇ ಡಬ್ಬಿಯ ಕಿವಿ ಎಳೆದು ಸ್ಟೀಲಿನ ಲೋಟಕ್ಕೆ ಹೊಯ್ದೆ. ನೊರೆ ಎದ್ದಿತು. ಅದರ ಜೊತೆಗೇ ವಾಸನೆ ಎದ್ದಿತು. ಮೀನಿನ ನಾತವನ್ನೂ ಒಲೆಯ ಹೊಗೆಯನ್ನೂ ಮೆಟ್ಟಿ ನಿಂತು, ಘಮ್ಮೆಂದು ಇಡೀ ಅಡುಗೆಮನೆ ತುಂಬಿತು. ಆಯಿ ತಿರುವುತ್ತಿದ್ದ ಸೌಟು ಬಿಟ್ಟಳು.

"ಎಂತದೇ ಇದು! ಸೊನೆ ವಾಸನೆ! ಈಗೆಲ್ಲಿ ಮಿಡಿ?" ಎಂದು ಪಿಸುಗುಟ್ಟಿದಳು.

"ಇದೇ ಆಯಿ. ಇದೇ ಅಂವ ಹೇಳಿದ್ದು."

ಅವಳು ಲೋಟಕ್ಕೆ ಬಗ್ಗಿ ಮತ್ತೊಮ್ಮೆ ಉಸಿರೆಳೆದಳು. ಕಣ್ಣಲ್ಲಿ ನೀರು ಬಂತು. "ಹೊಳೆಬದಿ ಮರದ್ದೇ," ಎಂದಳು. ನಾನು ಲೋಟ ಕೊಡಲು ಹೋದರೆ ಅವಳೇ ಎರಡೂ ಕೈಯಲ್ಲಿ ಹಿಡಿದು ಮುಂದೆ ನಡೆದಳು.

ಅಣ್ಣನನ್ನು ದಿಂಬಿಗೆ ಆನಿಸಿ ಕೂರಿಸಿದೆ. ಆಯಿ ಲೋಟವನ್ನು ಅವನ ಮೂಗಿನ ಹತ್ತಿರ ಹಿಡಿದಳು. ಅವನು ಕಣ್ಣು ಮುಚ್ಚಿದ, ಎಳೆದ, ಇನ್ನೊಮ್ಮೆ ಎಳೆದ. ನೊರೆ ತುಟಿಗೆ ತಾಗಿಸಿಕೊಂಡು ಕಾದ. ಆ ಕೋಣೆಯಲ್ಲಿ ಈಗ ಮಿಡಿಯ ಬುಟ್ಟಿ ಸುರಿದ ಹಾಗೆ ಇತ್ತು. ನನ್ನ ಮೂಗಿಗೆ, ಆಯಿಯ ಮೂಗಿಗೆ.

ಅವನು ಕಣ್ಣು ಬಿಟ್ಟ. ನಮ್ಮಿಬ್ಬರಿಗೆ ಬೇಜಾರಾಗದಿರಲಿ ಎಂದು ನಗಲು ನೋಡಿದ.

"ಇದೂ ಹಳತೇ ಕೂಸೆ. ವಾಸನೆ ಹೋಯ್ದು."

ಬಿಯರು ಹಳತಾಗಿರಲಿಲ್ಲ. ಬಿಸಿಲು, ಒಲೆ, ಬಸ್ಸು, ಅಂಗಡಿಯವನು ಅಂತ ನಾನು ಇಷ್ಟು ದಿನ ಯಾರು ಯಾರನ್ನೋ ಬೈದಿದ್ದೆ. ಆಯಿಯ ಕಡೆ ನೋಡಿದೆ. ಸುಳ್ಳು ಹೇಳಿದ್ದಕ್ಕೆ ನಮ್ಮಿಬ್ಬರಿಗೂ ಬಾರುಕೋಲಿನಲ್ಲಿ ಬಾರಿಸಿದವಳು ಅವಳು. ಅವಳ ಬಾಯಲ್ಲಿ ಒಂದು ಸುಳ್ಳು ಬಂದದ್ದನ್ನು ನಾನು ಕೇಳಿಲ್ಲ. ಅವಳು ಲೋಟವನ್ನು ತನ್ನ ಮೂಗಿಗೆ ಹಿಡಿದು ಮುಖ ಕಿವುಚಿದಳು.

"ಹೌದು ತಮಾ, ಹಳತೇ. ಒಂಚೂರೂ ವಾಸನೆ ಇಲ್ಲೆ. ಆ ಅಂಗಡಿಯಂವ ಇವಳಿಗೆ ಮೋಸ ಮಾಡಿದ್ದ. ಬಪ್ಪ ವಾರ ಇವಳ ಜೊತಿಗೆ ಆನೇ ಹೋಗ್ತೆ. ಎದುರು ನಿಂತು ಹೊಸತು ತಗತ್ತೆ."