ಕೆಂಚಿಯ ಬಾಣಂತನ

ಹೆಗ್ಗನಹಳ್ಳಿಯ ಚಿಕ್ಕಲಕ್ಷ್ಮಮ್ಮನಿಗೆ ಬಾಣಂತನ ಮಾಡುವುದೆಂದರೆ ಪ್ರಾಣ. ಸೊಸೆಯದಾದರೂ ಸರಿ, ಹಸುವಿನದಾದರೂ ಸರಿ. ಹೊಲಗಳೆಲ್ಲ ಸೈಟಾಗಿ, ಕೊಟ್ಟಿಗೆಯ ಜಾಗದಲ್ಲಿ ಬಾಡಿಗೆ ಮನೆಗಳೆದ್ದ ಮೇಲೆ ಅವಳ ಪಾಲಿಗೆ ಉಳಿದದ್ದು ಬೀದಿನಾಯಿ ಕೆಂಚಿ ಒಂದೇ.

ಮರಿ ಹಾಕುವ ಮುಂಚೆಯೇ ಕೆಂಚಿಗೆ ಆಪರೇಷನ್ ಮಾಡಿಸಲು ಸೊಸೆ ಕವನಾ ದಿನ ಗೊತ್ತು ಮಾಡಿದ್ದಳು. ಅತ್ತೆ ಬಿಟ್ಟರೆ ತಾನೇ! “ಹೆಣ್ಣು ಜೀವ ಕಣೇ. ಒಂದ್ಸಲ ತಾಯಿ ಆಗ್ಲಿ, ಆಮೇಲೆ ಮಾಡ್ಸು” ಎಂದು ಅಡ್ಡ ನಿಂತಳು.

ಕೆಂಚಿ ಮರಿ ಹಾಕಿತು. ನಾಯಿ ಬಾಣಂತಿಗೆ ಊರೇ ಗಂಜಿ ಹಾಕಬೇಕು. ಚಿಕ್ಕಲಕ್ಷ್ಮಮ್ಮ ಲಂಗ ಉಡುತ್ತಿದ್ದ ಕಾಲದ ಪದ್ಧತಿ ಅದು. ಪಾತ್ರೆ ಹಿಡಿದು ಮನೆಮನೆಗೂ ಹೋದಳು. ಬಾಡಿಗೆಯವರೂ ನಗುನಗುತ್ತಾ ರಾಗಿಹಿಟ್ಟು, ಬೆಲ್ಲ, ಹಾಲು ಕೊಟ್ಟರು. “ಹೆತ್ತೋರಿಗೆ ಹೆಗ್ಗಣ ಮುದ್ದಂತೆ, ನಮ್ಮತ್ತೆಗೆ ನಾಯಿ ಹೆತ್ತಿದ್ದೂ ಮುದ್ದು” ಎಂದು ಕವನಾ ರೇಗಿಸಿದಳು.

ಆಮೇಲೆ ಕಣ್ಣು ಬಿಟ್ಟ ಮರಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಅದೇ ಬಾಗಿಲುಗಳಿಗೆ ಹೋದಳು ನೋಡಿ, ಗಂಡುಮರಿಗಳನ್ನು ಯಾರೋ ಒಯ್ದರು. ಹೆಣ್ಣೆಂದರೆ, “ಬ್ಯಾಡ ಆಂಟಿ, ಅದೂ ಮರಿ ಹಾಕುತ್ತೆ” ಎಂದು ಬಾಗಿಲು ಹಾಕಿದರು. ಅಯ್ಯೋ, ಗಂಜಿ ಕೊಟ್ಟ ಕೈಗಳೇ ಅವು! ಉಳಿದ ಮರಿಗಳು ಒಂದೊಂದಾಗಿ ಮಾಗಡಿ ರಸ್ತೆಯ ಚಕ್ರಗಳಿಗೆ ಸಿಕ್ಕವು. ಕೆಟ್ಟ ಮೇಲೆ ಬುದ್ಧಿ ಬಂತು. ಚಿಕ್ಕಲಕ್ಷ್ಮಮ್ಮ ತಾನೇ ಕೆಂಚಿಯನ್ನು ಆಟೋದಲ್ಲಿ ಕೂರಿಸಿಕೊಂಡು ಹೋಗಿ ಆಪರೇಷನ್ ಮಾಡಿಸಿದಳು.

ಕೊನೆಗೆ ಬದುಕುಳಿದದ್ದು ಚುಕ್ಕಿ ಎಂಬ ಹೆಣ್ಣುಮರಿ ಒಂದೇ. ಹಗಲೆಲ್ಲ ಇವಳ ಮಡಿಲಲ್ಲೇ ನಿದ್ದೆ. ಮಗನಿಗೆ ಉಬ್ಬಸ, ನಾಯಿ ಕೂದಲು ಆಗದು. ಹೊರಗೆ ಬಿಟ್ಟರೆ ರಸ್ತೆ. ಕವನಾ ಫೋನಿನಲ್ಲಿ ಹಾಕಿದ ಫೋಟೊ ನೋಡಿ ಅನ್ನಪೂರ್ಣೇಶ್ವರಿ ನಗರದ ಲತಾ ಮೇಡಂ ಬಂದರು. ದೊಡ್ಡದಾದ ಮೇಲೆ ಆಪರೇಷನ್ ಮಾಡಿಸುತ್ತೇನೆಂದು ಮಾತು ಕೊಟ್ಟು ಮರಿಯನ್ನು ಒಯ್ದರು.

ವಾರ ಕಳೆಯುವಷ್ಟರಲ್ಲಿ ಇವಳು ತಡೆಯಲಾರದೆ ಹೋಗಿ, ಮುದ್ದಾಡಿ ಬಂದಳು. ಮರುದಿನವೇ ಲತಾ ಫೋನು ಮಾಡಿದರು. “ಆಂಟಿ, ನೀವು ಬಂದು ಹೋದ್ಮೇಲೆ ಅನ್ನಾನೇ ಮುಟ್ಟಿಲ್ಲ. ಇನ್ನೊಂದ್ಸಲ ಹೀಗಾದ್ರೆ ವಾಪಸ್ ಕೊಡಬೇಕಾಗುತ್ತೆ, ನನ್ ಕೈಲಿ ನೋಡಕ್ಕಾಗಲ್ಲ.”

ಅಲ್ಲಿಗೆ ಹೋಗುವುದು ನಿಂತಿತು. ಆಸೆ ನಿಲ್ಲಬೇಕಲ್ಲ? ಕೂತರೆ ಮಡಿಲು ಖಾಲಿ, ತಟ್ಟೆಯಲ್ಲಿ ಅನ್ನ ಹಾಗೇ. ತಿಂಗಳುಗಳಾದ ಮೇಲೆ ಒಂದು ಸಂಜೆ, ಸೊಪ್ಪು ತರುವ ನೆಪ ಹೇಳಿ ಹೊರಟಳು. ದೂರದಿಂದ ಒಮ್ಮೆ ನೋಡಿದರೆ ಸಾಕಿತ್ತು.

ಚುಕ್ಕಿ ಗೇಟಿನ ಹತ್ತಿರವೇ ಇತ್ತು, ಎತ್ತರವಾಗಿ ಬೆಳೆದಿತ್ತು. ಮೂಗು ಎತ್ತಿತು, ಕುಂಯ್‌ಗುಟ್ಟಿತು, ಸರಳಿನ ಸಂದಿಯಿಂದ ಕಾಲು ಚಾಚಿತು. ಹೆಸರು ಇವಳ ನಾಲಗೆಯ ತುದಿಗೆ ಬಂತು. ಕರೆದರೆ ಇದು ಮತ್ತೆ ಅನ್ನ ಬಿಡುತ್ತದೆ, ಮತ್ತೆ ಮಾಗಡಿ ರಸ್ತೆಗೆ ಬರುತ್ತದೆ. ಬಾಯಿಗೆ ಸೆರಗು ತುರುಕಿಕೊಂಡು, ಯಾರೋ ಏನೋ ಎಂಬಂತೆ ಮುಂದೆ ನಡೆದಳು.

“ರೂಬಿ, ಊಟಕ್ಕೆ ಬಾ!” ಒಳಗಿಂದ ಲತಾ ಚುಕ್ಕಿಯನ್ನು ಹೊಸ ಹೆಸರಿನಿಂದ ಕರೆದರು.

ತಿರುವಿನ ಕಾಂಪೌಂಡಿಗೆ ಒರಗಿ ಚಿಕ್ಕಲಕ್ಷ್ಮಮ್ಮ ಕಿವಿಗೊಟ್ಟಳು. ಇನ್ನೊಮ್ಮೆ ಕುಂಯ್ ಎಂದಿತು. ಆಮೇಲೆ, ನೆಲದ ಮೇಲೆ ಸ್ಟೀಲ್ ತಟ್ಟೆ ಸರಿಯುವ ಸದ್ದು.

“ತಿನ್ನು ನನ್ನವ್ವಾ, ತಿನ್ನು” ಎಂದು ಗೋಡೆಗೆ ಹೇಳಿ ಬಿಕ್ಕಿ ಬಿಕ್ಕಿ ಅತ್ತಳು.