ಕಂಪ್ಯೂಟರ್ ಮನೆಯ ಬಿಸಿಗಾಳಿ

ಹೆತ್ತೂರಿಗೆ ಕಂಪ್ಯೂಟರ್ ಮನೆ ಬಂದ ವರ್ಷವೇ ನಾನು ಬಾಣಂತನಕ್ಕೆ ತವರಿಗೆ ಬಂದಿದ್ದೆ. ನಮ್ಮ ಮನೆಯ ಎದುರಿಗೇ ಕಿಟಕಿಯಿಲ್ಲದ ಕಟ್ಟಡ, ಒಳಗೆ ಸುತ್ತಲಿನ ಊರುಗಳ ಫೋನು, ಇಂಟರ್ನೆಟ್ಟಿನ ಮಾಹಿತಿಯೆಲ್ಲ ಇಟ್ಟುಕೊಳ್ಳುವ ಯಂತ್ರಗಳು. ಉದ್ಘಾಟನೆಗೆ ಬಂದವರು ಕೆಲಸ ಬರುತ್ತದೆ, ವ್ಯಾಪಾರ ಬೆಳೆಯುತ್ತದೆ, ಊರಿನ ದೆಸೆಯೇ ತಿರುಗುತ್ತದೆ ಎಂದು ಭಾಷಣ ಬಿಗಿದು ಹೋದರು. ಬಂದದ್ದು ವಾಚ್‌ಮನ್ ಕೆಲಸವೊಂದೇ. ಅದನ್ನೂ ಪಕ್ಕದೂರು ವನಗೂರಿನವನೊಬ್ಬ ಹೊಡೆದುಕೊಂಡ.

ನನಗೆ ಅದ್ಯಾವುದೂ ಬೇಕಿರಲಿಲ್ಲ. ಮಗಳಿಗೆ ಒಣಬಟ್ಟೆ ಬೇಕಿತ್ತು. ಆಷಾಢದ ಮಳೆ ಹಿಡಿದರೆ ನಮ್ಮಲ್ಲಿ ಉಟ್ಟ ಬಟ್ಟೆಯೂ ಹಸಿ. ಒಲೆಯ ಮೇಲೆ ಹರವಿದ ತುಂಡುಬಟ್ಟೆಗಳಿಗೆ ಹೊಗೆ ವಾಸನೆ ಹತ್ತುತ್ತಿತ್ತೇ ಹೊರತು ಒಣಗುತ್ತಿರಲಿಲ್ಲ. ತೊಡೆಯೆಲ್ಲ ಕೆಂಪಗೆ ಗಂದೆ ಎದ್ದು ಮಗು ಒಂದೇ ಸಮನೆ ಅರಚುತ್ತಿತ್ತು. ಜೊತೆಗೆ ನಾನೂ ಅಳುತ್ತಿದ್ದೆ.

ಕಂಪ್ಯೂಟರ್ ಮನೆಯ ಹಿಂದೆ ಊರಿನ ನಾಯಿಗಳೆಲ್ಲ ಕಾಲು ಚಾಚಿ ಮಲಗುವುದನ್ನು ಅವ್ವ ಗಮನಿಸಿದಳು. ಯಂತ್ರಗಳು ತಣ್ಣಗಿರಲೆಂದು ಹಾಕಿದ್ದ ಏಸಿಗಳು ತಗಡಿನ ಮಾಡಿನ ಕೆಳಗೆ ಬುಸುಬುಸು ಬಿಸಿಗಾಳಿ ಬಿಡುತ್ತಿದ್ದವು. ನಾಯಿಗಳನ್ನು ಓಡಿಸಿ, ಹಗ್ಗ ಕಟ್ಟಿ, ಬಟ್ಟೆ ಹರವಿ ಬಂದಳು. ಮಧ್ಯಾಹ್ನಕ್ಕೆ ಗರಿಗರಿ! ಅದನ್ನು ಕೆನ್ನೆಗೊತ್ತಿಕೊಂಡು ಹುಚ್ಚಿಯ ಹಾಗೆ ನಕ್ಕೆ.

ನಮ್ಮೂರಲ್ಲಿ ಗುಟ್ಟು ನಿಲ್ಲುವುದುಂಟೇ? ಸ್ವಲ್ಪ ದಿನಕ್ಕೇ ಅಲ್ಲಿ ಕಂಬಳಿ, ಹಪ್ಪಳ, ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್‌ನ ಕೋಟು, ಕೊನೆಗೆ ಭಜನೆಯವರ ತಬಲಾ ಕೂಡ. ಹಗ್ಗದ ಸರದಿಗೆ ಸಮಿತಿಯಾಯಿತು, ಸಮಿತಿಗೊಬ್ಬ ಅಧ್ಯಕ್ಷ. “ಅಧ್ಯಕ್ಷರ ರಗ್ಗಿಗೇ ಬಿಸಿ ಜಾಗ ಐತೆ ಕಣೋ” ಎಂದು ಜಗಳಗಳೂ ಆದವು. ಕಾಯುವವರಿಗೆಂದು ಬೋಂಡದ ಅಂಗಡಿ ಎದ್ದಿತು. ಭಾಷಣದಲ್ಲಿ ಹೇಳಿದ ವ್ಯಾಪಾರ ಇದೇ ಇರಬೇಕೆಂದು ಎಲ್ಲರೂ ಒಪ್ಪಿದರು.

ಒಂದು ಬೆಳಗ್ಗೆ ಸುತ್ತಲಿನ ಫೋನುಗಳೆಲ್ಲ ಸತ್ತವು. ಹಾಸನದಿಂದ ಎಂಜಿನಿಯರ್ ಜೀಪಿನಲ್ಲಿ ಬಂದ. ಅಧ್ಯಕ್ಷರ ರಗ್ಗು ಗಾಳಿಗೆ ಅಡ್ಡ ನಿಂತು ಯಂತ್ರಗಳು ಕಾದುಹೋಗಿದ್ದವು. “ಇದೇನು ದೋಬಿಘಾಟಾ? ಎಲ್ಲಾ ಕಿತ್ತಾಕಿ, ನಾಳೇನೇ ಬೇಲಿ ಹಾಕಿಸ್ತೀನಿ!” ಎಂದು ಹಾರಾಡಿದ. ಬೇಲಿ ಬಂದರೆ ನನ್ನ ಮಗಳಿಗೆ ಮತ್ತೆ ಹಸಿಬಟ್ಟೆ, ಮತ್ತೆ ಆ ಅಳು.

ಅವ್ವ ನನ್ನ ಮಡಿಲಿನಿಂದ ಮಗುವನ್ನು ಎತ್ತಿಕೊಂಡು ಸರಸರ ರಸ್ತೆ ದಾಟಿದಳು. ನಾನು ಕೊಡೆ ಹಿಡಿದು ಹಿಂದೆ ಓಡಿದೆ.

“ಫೋನ್ ಸತ್ರೆ ಸಾಯ್ಲಿ ಕಣಪ್ಪ! ಈ ಕೂಸಿನ್ ಬಟ್ಟೆ ಎಲ್ ಒಣಗಿಸ್ಲಿ? ತೊಡೆಯೆಲ್ಲ ಬೆಂದೋಗ್ಬುಟ್ಟಿತ್ತು. ತಗಾ, ನೀನೇ ನೋಡು” ಎಂದು ಅವನ ಕೈಗೇ ಇಟ್ಟುಬಿಟ್ಟಳು. ಅವನು ಹೌಹಾರಿ ಮಗುವನ್ನು ಅವುಚಿಕೊಂಡ. ಮಗಳು ಅವನ ಮುಖವನ್ನೇ ನೋಡುತ್ತಾ ಅಂಗಿ, ಪ್ಯಾಂಟು ಎರಡನ್ನೂ ತೋಯಿಸಿದಳು.

ಬೇರೆ ಬಟ್ಟೆ ತಂದಿರಲಿಲ್ಲ ಪುಣ್ಯಾತ್ಮ. ಅಪ್ಪನ ಪಂಚೆ ಸುತ್ತಿಕೊಂಡು, ಗಾಳಿಗೆ ಅಡ್ಡವಾಗದಂತೆ ಪಕ್ಕಕ್ಕೆ ತಾನೇ ಹಗ್ಗ ಬಿಗಿದು ಅಂಗಿ, ಪ್ಯಾಂಟು ಹರವಿದ. ಮಿಕ್ಕ ಜಾಗದಲ್ಲಿ ಮಗಳ ಬಟ್ಟೆಗಳನ್ನು ಒಂದೊಂದಾಗಿ ಕೊಡವಿ ಹಾಕಿದ. “ಇದೊಂದು ಹಗ್ಗ ಇರ್ಲಿ. ಎಳೆಮಕ್ಕಳ ಬಟ್ಟೆ ಮಾತ್ರ” ಎಂದ.

ರಗ್ಗು ಹೆಗಲಿಗೇರಿಸಿಕೊಂಡು ನಿಂತಿದ್ದ ಅಧ್ಯಕ್ಷರು ಮೆಲ್ಲಗೆ ಮುಂದೆ ಬಂದರು. “ನಮ್ ಸೊಸೆಗೂ ಈಗ ಏಳು ತಿಂಗ್ಳು ಕಣ್ರೀ. ಈಗ್ಲೇ ಜಾಗ ಹಿಡ್ಕಂಡ್ರೆ ಆಗಲ್ವಾ?”