ಔಷಧಿಗೊಂದು ಫ್ರಿಜ್ ಕಟ್ಟಿದ ತಣ್ಣಪ್ಪ

ಈ ಊರಿನಲ್ಲಿ ಚಳಿ ತಾನು ಬಾ ಎಂದರೆ ಬರುತ್ತದೆ, ಹೋಗು ಎಂದರೆ ಹೋಗುತ್ತದೆ ಎಂದು ಫ್ರಿಜ್ ರಿಪೇರಿಯ ತಣ್ಣಪ್ಪ ಕಂಡಕಂಡವರಲ್ಲಿ ಹೇಳಿಕೊಳ್ಳುತ್ತಿದ್ದ. ಶುದ್ಧ ಸುಳ್ಳೆಂದು ತಳ್ಳಿಹಾಕುವಂತಿರಲಿಲ್ಲ. ಅವನ ಕೈ ತಗಲಿದ ಫ್ರಿಜ್ಜಿನ ಬಾಗಿಲು ತೆಗೆದರೆ ಎದುರುಮನೆಯ ಅಜ್ಜಿ ಶಾಲು ಹೊದ್ದುಕೊಳ್ಳುತ್ತಿದ್ದಳು. ಬೆಣ್ಣೆ ಕೊಯ್ಯಲು ಗಿರಾಕಿಗಳು ಅಡುಗೆಮನೆಯಲ್ಲಿ ಗರಗಸ ಇಟ್ಟುಕೊಂಡಿದ್ದರು. ಒಂದು ಮನೆಯ ಬೆಕ್ಕು ಹಾಲಿನ ಆಸೆಗೆ ಒಳಗೆ ಇಣುಕಿ, ಮೀಸೆ ಸೆಟೆದುಕೊಂಡು, ಸಂಜೆಯವರೆಗೆ ಬಾಗಿಲ ಸಂದಿಯಲ್ಲಿ ನುಸುಳಲಾರದೆ ಪರದಾಡಿತಂತೆ. ಬೆಕ್ಕನ್ನು ಕೇಳಿ ನೋಡಿದವರಿಲ್ಲ, ಆದ್ದರಿಂದ ನಂಬಬೇಕು.

ಅವನ ಹೆಂಡತಿಯದು ಇಸ್ತ್ರಿ ಅಂಗಡಿ. ಮನೆ ಮಹಡಿಯ ಮೇಲೆ. ಕೆಳಗಿನ ಮಳಿಗೆಯ ಮುಂದಿನರ್ಧದಲ್ಲಿ ಅವಳು ಕಾವಿನಿಂದ ಬದುಕುತ್ತಿದ್ದಳು, ಹಿಂದಿನರ್ಧದಲ್ಲಿ ಇವನು ತಂಪಿನಿಂದ. ನಡುವೆ ಒಂದು ಹಲಗೆಯ ಗೋಡೆ ಇಲ್ಲದೆ ಹೋಗಿದ್ದರೆ ಒಳಗೇ ಮೋಡ ಕಟ್ಟಿ ಗಿರಾಕಿಗಳ ಬಟ್ಟೆ ನೆನೆಯುತ್ತಿತ್ತು.

ಕಾಯಿಲೆ ಕಳ್ಳಹೆಜ್ಜೆಯಲ್ಲಿ ಬಂತು. ಮೊದಲು ಸ್ಕ್ರೂಡ್ರೈವರ್ ಕೈಯಿಂದ ಜಾರತೊಡಗಿತು. ತಣ್ಣಪ್ಪ ಸ್ಕ್ರೂಡ್ರೈವರನ್ನೇ ಬೈದು ಹೊಸದು ತಂದ. ಅದೂ ಜಾರಿತು. ಒಂದು ದಿನ ಬಲಗಾಲಿನ ಚಪ್ಪಲಿ ರಸ್ತೆಯ ನಡುವೆ ಕಳಚಿ ಉಳಿದದ್ದು, ಹಣ್ಣಿನ ಅಂಗಡಿಯವನು ಕೂಗಿ ಹೇಳುವ ತನಕ ಅವನಿಗೆ ಗೊತ್ತಾಗಲಿಲ್ಲ. ಆಮೇಲೆ ಒಂದು ಕಣ್ಣಿಗೆ ಮಂಜು ಕವಿಯಿತು. ಪರೀಕ್ಷೆಯ ಮೇಲೆ ಪರೀಕ್ಷೆ ಮಾಡಿ ಡಾಕ್ಟರು ಅದರ ಹೆಸರು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರು. ನರಗಳ ಮೇಲಿನ ಹೊದಿಕೆಯನ್ನು ಮೈಯೇ ಕೆರೆದು ಹಾಕುತ್ತಿದೆ ಎಂದು ವಿವರಿಸಿದರು. ವೈರಿನ ಇನ್ಸುಲೇಶನ್ ಹೋಗಿದೆ ಅನ್ನಿ, ಟೇಪು ಸುತ್ತಿದರಾಯಿತು ಎಂದ ತಣ್ಣಪ್ಪ. ಈ ವೈರಿಗೆ ಟೇಪಿಲ್ಲ ಎಂದರು ಡಾಕ್ಟರು. ಇನ್ನಷ್ಟು ಸುಲಿಯದ ಹಾಗೆ ತಡೆಹಿಡಿಯಲು ಒಂದು ಚುಚ್ಚುಮದ್ದು ಇದೆ, ಮನೆಯಲ್ಲೇ ಚುಚ್ಚಿಕೊಳ್ಳಬಹುದು, ಆದರೆ ಜಾಗ್ರತೆ ಬೇಕು ಎಂದರು.

ಜಾಗ್ರತೆಯ ಪಾಠ ಹೇಳಿದವಳು ನರ್ಸಮ್ಮ. ಪ್ರತಿಸಲ ಜಾಗ ಬದಲಿಸಿ ಚುಚ್ಚಬೇಕು, ಇಲ್ಲವಾದರೆ ಚರ್ಮ ಗಂಟುಕಟ್ಟುತ್ತದೆ. ಚುಚ್ಚಿದ ದಿನ ಜ್ವರ, ಮೈಕೈ ನೋವು ಬರಬಹುದು. ಆಗಾಗ ರಕ್ತ ಪರೀಕ್ಷೆ ತಪ್ಪಿಸಬಾರದು. ಬೇರೆ ಯಾವ ಮಾತ್ರೆ ನುಂಗುವ ಮೊದಲೂ ಒಂದು ಮಾತು ಕೇಳಬೇಕು. ತಾನಾಗಿ ನಿಲ್ಲಿಸಬಾರದು. ಔಷಧಿ ಫ್ರಿಜ್ಜಿನಲ್ಲಿರಬೇಕು.

ಫ್ರಿಜ್ ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ತಣ್ಣಪ್ಪನ ಕಿವಿ ಅಂಗಡಿ ಮುಚ್ಚಿತು. ಅದಾದ ಮೇಲೆ ಅವಳು ಹೇಳಿದ್ದು ಗೋಡೆಗೆ ಹೇಳಿದಂತಾಯಿತು. ಈ ವಿಷಯದಲ್ಲಿ ತಾನು ಅವಳಿಗೇ ಪಾಠ ಹೇಳಬಲ್ಲೆ ಎಂಬ ಭಾವದಲ್ಲಿ ತಲೆಯಾಡಿಸುತ್ತ ಕೂತ.

ಮನೆಗೆ ಬಂದವನು ಔಷಧಿಗೆಂದೇ ಒಂದು ಫ್ರಿಜ್ ಕಟ್ಟಿದ. ಹಳೆಯ ಸಣ್ಣ ಪೆಟ್ಟಿಗೆಗೆ ಐಸ್‌ಕ್ರೀಮ್ ಅಂಗಡಿಯೊಂದರ ದೊಡ್ಡ ಕಂಪ್ರೆಸರ್ ಕೂರಿಸಿದ. ತಂಪು ಸಾಕಾದಾಗ ಮೋಟಾರು ನಿಲ್ಲಿಸುವ ಥರ್ಮೋಸ್ಟಾಟನ್ನು, ಸೋಮಾರಿಗಳಿಗೆ ಮಾಡಿದ್ದು ಎಂದು ಕಿತ್ತು ಬಿಸಾಡಿದ. ಅದು ಓಡುವಾಗ ಮಹಡಿಯ ಗಡಿಯಾರ ಚಳಿಗೆ ನಡುಗಿ ಮುಂದೆ ಹೋಗುತ್ತಿತ್ತು. ಒಳಗಿಟ್ಟ ಸಿರಿಂಜುಗಳು ಕಲ್ಲಾದವು. ತಣ್ಣಪ್ಪನಿಗೆ ಹಿಗ್ಗೋ ಹಿಗ್ಗು. ಇನ್ನು ನೂರು ವರ್ಷ ಕೆಡುವ ಮಾತಿಲ್ಲ ಎಂದುಕೊಂಡ.

ಕಲ್ಲಾದದ್ದನ್ನು ಚುಚ್ಚಿಕೊಳ್ಳುವುದು ಹೇಗೆ? ಅದಕ್ಕೆ ಮುಂದಿನರ್ಧದಲ್ಲಿ ಹೆಂಡತಿ ಇದ್ದಳು. ಆಸ್ಪತ್ರೆಗೆ ಜೊತೆಗೆ ಹೋಗಿದ್ದ ಅವಳು ಫ್ರಿಜ್ಜಿನ ಮಾತನ್ನೆಲ್ಲ ಗಂಡನಿಗೆ ಬಿಟ್ಟಿದ್ದಳು, ಚುಚ್ಚುವ ಮೊದಲು ಹೊರಗಿಟ್ಟು ಚಳಿ ಬಿಡಿಸಿ ಎಂದು ನರ್ಸಮ್ಮ ಹೇಳಿದ್ದು ಮಾತ್ರ ಅವಳಿಗೆ ನೆನಪಿತ್ತು. ಆಗತಾನೇ ಇಸ್ತ್ರಿ ಮಾಡಿದ ಅಂಗಿಗಳ ಮಡಿಕೆಯೊಳಗೆ ಸಿರಿಂಜನ್ನು ಮಲಗಿಸುತ್ತಿದ್ದಳು. ಒಂದು ಪ್ಯಾಂಟು ಮುಗಿಯುವಷ್ಟರಲ್ಲಿ ಔಷಧಿ ತಿಳಿನೀರಾಗಿರುತ್ತಿತ್ತು. ಗಂಡ ಹೆಪ್ಪುಗಟ್ಟಿಸಿದ, ಹೆಂಡತಿ ಕಾಯಿಸಿದಳು. ಇಷ್ಟು ಒಗ್ಗಟ್ಟಿನ ಸಂಸಾರ ಎಲ್ಲುಂಟು ಎಂದು ಇಬ್ಬರೂ ನಕ್ಕರು.

ಆಸ್ಪತ್ರೆಯಲ್ಲಿ ಚುಚ್ಚಿಸಿಕೊಂಡ ಮೊದಲ ಸಲ ಬಂದ ಜ್ವರ ಆಮೇಲೆ ಬರಲೇ ಇಲ್ಲ. ನನ್ನ ಫ್ರಿಜ್ಜಿಗೆ ಹೆದರಿ ಜ್ವರ ಊರು ಬಿಟ್ಟಿದೆ ಎಂದು ತಣ್ಣಪ್ಪ ಬೀದಿಗೆಲ್ಲ ಸಾರಿದ.

ಊರು ಬಿಡದೆ ಉಳಿದದ್ದು ಕಾಯಿಲೆ. ಬಲಗಾಲು ನೆಲ ಗುಡಿಸತೊಡಗಿತು. ಮಹಡಿಯ ಮೆಟ್ಟಿಲು ಹತ್ತುವಾಗ ಅವನು ಕೈಯಲ್ಲಿ ಕಾಲನ್ನೆತ್ತಿ ಮುಂದಿನ ಮೆಟ್ಟಿಲ ಮೇಲೆ ಇಡಬೇಕಾಯಿತು. ಕಾಲು ಇನ್ನಷ್ಟು ಸೋತರೆ ಮನೆಯೂ ಇಲ್ಲ, ಮಳಿಗೆಯೂ ಇಲ್ಲ, ಒಂದು ಕುರ್ಚಿ ಮಾತ್ರ ಎಂಬುದು ಅವನಿಗೆ ಗೊತ್ತಿತ್ತು. ಸಿಟ್ಟೆಲ್ಲ ಔಷಧಿಯ ಮೇಲೆ ತಿರುಗಿತು. ಬರೀ ನೀರು ಕೊಟ್ಟು ಟೋಪಿ ಹಾಕಿದ್ದಾರೆ, ಬಿಟ್ಟುಬಿಡುತ್ತೇನೆ ಎಂದು ಹಾರಾಡಿದ. ಬಿಡುವುದಾದರೆ ಡಾಕ್ಟರ ಮುಂದೆ ಹೇಳಿ ಬಿಡಿ ಎಂದು ಹೆಂಡತಿ ಅವನನ್ನು ಹೊರಡಿಸಿದಳು. ಕೆಟ್ಟ ಮಾಲಿಗೆ ಸಾಕ್ಷಿಯಾಗಲೆಂದು ಅವನು ಒಂದು ಸಿರಿಂಜನ್ನೂ ಐಸು ತುಂಬಿದ ಡಬ್ಬಿಯಲ್ಲಿ ಜೊತೆಗೆ ಒಯ್ದ.

ನರ್ಸಮ್ಮ ಡಬ್ಬಿ ತೆರೆದಳು. ಸಿರಿಂಜನ್ನು ಬೆಳಕಿಗೆ ಹಿಡಿದು ಅಲುಗಿಸಿದಳು. ಒಳಗೆ ಏನೂ ಅಲುಗಲಿಲ್ಲ.

"ಎಲ್ಲಾನೂ ಹೀಗೇ ಇಟ್ಟಿದ್ರಾ, ಯಜಮಾನ್ರೇ?" ಎಂದು ಮೆಲ್ಲಗೆ ಕೇಳಿದಳು.

"ಮತ್ತೆ? ಅರ್ಧಂಬರ್ಧ ಕೆಲಸ ನಮ್ಮಲ್ಲಿಲ್ಲಮ್ಮ."

ಅವಳು ಬೈಯಲಿಲ್ಲ. ಅದೇ ಅವನಿಗೆ ಭಯ ಹುಟ್ಟಿಸಿತು. ಒಮ್ಮೆ ಹೆಪ್ಪುಗಟ್ಟಿದರೆ ಈ ಮದ್ದಿನ ಕಸುವು ಹೋಗುತ್ತದೆ, ಕರಗಿಸಿದರೂ ಬಾರದು, ಅತಿ ಕಾವೂ ಅದಕ್ಕೆ ಆಗದು, ಕಣ್ಣಿಗೆ ಮಾತ್ರ ಹಾಗೇ ತಿಳಿಯಾಗಿ ಕಾಣಬಹುದು ಎಂದಳು. ತಂಪು ಬೇಕು, ಹೆಪ್ಪು ಕೂಡದು ಎಂದು ಅಂದೇ ಹೇಳಿದ್ದಳಂತೆ. ತಣ್ಣಪ್ಪನಿಗೆ ನಂಬಿಕೆ ಬರಲಿಲ್ಲ. ಚಳಿಯಿಂದ ವಸ್ತು ಕೆಡುವುದಿಲ್ಲ ಎಂಬ ಮಾತಿನ ಮೇಲೆ ಅವನು ಮದುವೆಯಾಗಿದ್ದ, ಮಗಳನ್ನು ಓದಿಸಿದ್ದ. ಆ ಮಾತು ಎಲ್ಲ ಕಡೆ ಸಲ್ಲುವುದಿಲ್ಲ ಎಂದು ಈಗ ಯಾರೋ ತಣ್ಣಗೆ ಹೇಳುತ್ತಿದ್ದರು.

ಹಾಗಾದರೆ ಕಾಲು ಹೋದದ್ದು ತನ್ನಿಂದಲೇ ಅಲ್ಲವೇ ಎಂದು ಡಾಕ್ಟರನ್ನು ಕೇಳಿದ. ಅವರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಒಳ್ಳೆಯ ಮದ್ದು ಬಿದ್ದವರಿಗೂ ಈ ಕಾಯಿಲೆ ಕೆಲವೊಮ್ಮೆ ಕೆರಳುತ್ತದೆ ಎಂದರು. ಈಗ ಕೆರಳಿದ್ದನ್ನು ತಣಿಸಲು ಬೇರೆ ಔಷಧಿ ಕೊಡೋಣ, ಚುಚ್ಚುಮದ್ದನ್ನು ಹೊಸದಾಗಿ ಶುರುಮಾಡೋಣ, ಹೋದದ್ದನ್ನು ತುಂಬಿಸಲೆಂದು ಒಂದರ ಬದಲು ಎರಡು ಚುಚ್ಚಿಕೊಳ್ಳಬೇಡಿ, ಕಾಲು ಎಷ್ಟು ಮರಳುತ್ತದೋ ಕಾದು ನೋಡಬೇಕು ಎಂದರು.

ತಣ್ಣಪ್ಪ ಮಳಿಗೆಗೆ ಬಂದು ಹಲಗೆಯ ಗೋಡೆಗೆ ಒರಗಿ ಕುಳಿತ. ಹೆಂಡತಿ ಇಸ್ತ್ರಿ ಹಚ್ಚದೆ ಪಕ್ಕದಲ್ಲಿ ಕೂತಳು.

"ಪೂರ್ತಿ ನೀವೇ ಹೊತ್ಕೋಬೇಡಿ. ಕಾಯಿಸಿದ್ದು ನಾನು," ಎಂದಳು.

"ಕಲ್ಲು ಮಾಡಿ ಕೊಟ್ಟಿದ್ದು ನಾನು ಕಣೇ. ಆಯಮ್ಮ ಹೇಳ್ತಾ ಇದ್ದಾಗ ಕೇಳಿಸ್ಕೊಂಡಿದ್ರೆ ಆಗ್ತಿತ್ತು. ಫ್ರಿಜ್ಜಿನ ವಿಷಯ ನನಗೇನು ಹೇಳೋದು ಅನ್ಕೊಂಡೆ."

ಅವಳು ಅವನ ಬಲಗಾಲನ್ನೆತ್ತಿ ತನ್ನ ಮಡಿಲ ಮೇಲಿಟ್ಟುಕೊಂಡಳು. ಇಟ್ಟದ್ದು ಅವನ ಕಣ್ಣಿಗೆ ಕಂಡಿತು, ಕಾಲಿಗೆ ತಿಳಿಯಲಿಲ್ಲ.

ಇನ್ನು ಬೇಕಾದದ್ದು ಹದವಾದ ಫ್ರಿಜ್. ಬದುಕಿಡೀ ಹೆಚ್ಚು ಮಾಡುವುದನ್ನೇ ಕಲಿತವನಿಗೆ ಸಾಕು ಮಾಡುವುದು ಕಷ್ಟ. ಮೇಲಾಗಿ ಥರ್ಮೋಸ್ಟಾಟಿನ ಸಾಸಿವೆಯಂಥ ಸ್ಕ್ರೂಗಳು ಅವನ ಬೆರಳಿಗೆ ಸಿಗುತ್ತಿರಲಿಲ್ಲ. ಕೊನೆಗೆ ಪಕ್ಕದ ಬೀದಿಯ ಇನ್ನೊಬ್ಬ ಮೆಕ್ಯಾನಿಕ್‌ಗೆ ಹೇಳಿಕಳುಹಿಸಿದ. ಆ ಮನುಷ್ಯನ ಫ್ರಿಜ್ಜಿನಲ್ಲಿಟ್ಟ ಮೊಟ್ಟೆ ಮರಿಯಾಗಿ ಹೊರಗೆ ಬರುತ್ತದೆ ಎಂದು ಹಂಗಿಸಿ, ಅವನಿಗೆ ಅರೆತಂಪು ಎಂದು ಹೆಸರಿಟ್ಟವನು ತಣ್ಣಪ್ಪನೇ.

ಅರೆತಂಪು ಬಂದ. ಮುಖದಲ್ಲಿ ನಗು ತಡೆದು ತಡೆದು ಕೆನ್ನೆ ಊದಿಕೊಂಡಿತ್ತು. ದೊಡ್ಡ ಕಂಪ್ರೆಸರ್ ಬಿಚ್ಚಿ ಸಣ್ಣದು ಕೂರಿಸಿದ, ಥರ್ಮೋಸ್ಟಾಟ್ ಹಾಕಿದ. ನಡುವಿನ ತಟ್ಟೆಯಲ್ಲಿ, ಹಿಂಬದಿಯ ತಗಡಿಗೆ ತಾಗದ ಹಾಗೆ, ಒಂದು ಥರ್ಮಾಮೀಟರ್ ಇಟ್ಟ. ಮುಳ್ಳು ನರ್ಸಮ್ಮ ಹೇಳಿದ ಎರಡು ಮತ್ತು ಎಂಟು ಡಿಗ್ರಿಗಳ ನಡುವೆ ನಿಂತು, ಮಾರನೆಯ ದಿನವೂ ಅಲ್ಲೇ ಇದೆಯೆಂದು ಇಬ್ಬರೂ ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡ ಮೇಲೆಯೇ ಹೊಸ ಔಷಧಿ ಒಳಗೆ ಹೋಯಿತು. ತಣ್ಣಪ್ಪನ ಹೊಗಳಿಕೆಗೆ ಅರೆತಂಪು ಕಾದ. ಕಾದದ್ದೇ ಬಂತು, ಹೊಗಳಿಕೆ ಬರಲಿಲ್ಲ.

ವಾರ ಕಳೆದು ಅರೆತಂಪು ಮತ್ತೆ ವಿಚಾರಿಸಲು ಬಂದಾಗ ತಣ್ಣಪ್ಪ ಕಂಬಳಿ ಹೊದ್ದು ನಡುಗುತ್ತ ಕೂತಿದ್ದ. ಹಿಂದಿನ ದಿನ ಚುಚ್ಚಿಕೊಂಡದ್ದಕ್ಕೆ ಜ್ವರ ಬಂದಿತ್ತು. ಹೆಂಡತಿ ನರ್ಸಮ್ಮನಿಗೆ ಫೋನು ಮಾಡಿ ಕೇಳಿಕೊಂಡೇ ಮಾತ್ರೆ ಕೊಟ್ಟಿದ್ದಳು. ಜ್ವರ ನೋಡಿ ಅವಳಿಗೆ ಒಳಗೊಳಗೇ ಸಮಾಧಾನ, ಈ ಸಲ ಮೈಗೆ ಹೋದದ್ದು ಬರೀ ನೀರಲ್ಲವೆಂದು. ಕಾಲು ಮಾತ್ರ ಇನ್ನೂ ನೆಲ ಗುಡಿಸುತ್ತಲೇ ಇತ್ತು. ಅರೆತಂಪು ಅದನ್ನು ನೋಡಿದ. ಅವನ ನಗು ಇಳಿಯಿತು.

"ಅಲ್ಲಣ್ಣಾ, ಇಷ್ಟೆಲ್ಲಾ ಮಾಡಿಯೂ ಕಾಲು ಸರಿಹೋಗದಿದ್ರೆ ಏನ್ಮಾಡ್ತೀಯಾ?"

ತಣ್ಣಪ್ಪ ಕಂಬಳಿಯಿಂದ ಮುಖ ಹೊರಗೆ ಹಾಕಿದ.

"ಆಗ ಕಾಲನ್ನ ಬೈತೀನಿ ಕಣಯ್ಯಾ. ಇಷ್ಟು ದಿನ ಔಷಧೀನ ಬೈದೆ. ಪಾಪ, ಅದು ಐಸಿನೊಳಗೆ ಕೂತು ಸುಮ್ನೆ ಕೇಳಿಸ್ಕೊಳ್ತಾ ಇತ್ತು."